ತಾಲೀಮು

ಮಸಾಯ್ ಮಾರಾಗೆ ಇನ್ನೂ ನಾಲ್ಕು ತಿಂಗಳು.
ಮುಲುಂಡಿನ ನಮ್ಮ ಸೋಫಾ ಈಗಲೇ ಜೀಪು.
ನಿಯಮ ಒಂದೇ: ಹತ್ತು ನಿಮಿಷ
ತುಟಿ ಪಿಟಕ್ಕೆನ್ನಬಾರದು.

ಮೊದಲ ದಿನ ಮೂವತ್ತು ಸೆಕೆಂಡಿಗೇ
ಮಿಹಿರನಿಗೆ ಉಚ್ಚೆ ಬಂತು.
ಮರುದಿನ ಊರ್ವಿ ಕೇಳಿದಳು,
ಸಿಂಹಕ್ಕೂ ಚುಚ್ಚುತ್ತಾರಾ ಹಳದಿ ಜ್ವರದ ಸೂಜಿ?
ನಕ್ಕು ಸೋತವಳು ನಾನೇ.

ಆರು ತುಂಬದವರಿಗೆ ಜೀಪಿಲ್ಲ, ಅಂದಿದೆ ಲಾಡ್ಜು.
ಮಿಹಿರನಿಗೆ ಆಗಲೂ ಎರಡು ತಿಂಗಳು ಕಮ್ಮಿ.
ಹುಡುಗ ಬಲು ಗಂಭೀರ ಎಂದು ಬರೆದಿದ್ದೇನೆ,
ಸುಳ್ಳು.

ನಿನ್ನೆ, ಕುಕ್ಕರಿನ ಮೂರನೇ ಸೀಟಿ ಇಳಿದ ಮೇಲೆ
ಅವನೇ ನನ್ನ ಮೊಣಕೈ ಹಿಡಿದ,
ಕಣ್ಣಲ್ಲೇ ತೋರಿಸಿದ:
ಕಿಟಕಿಯಾಚೆ, ಎಸಿ ಡಬ್ಬದ ಹಿಂದೆ
ಪಾರಿವಾಳ, ಎದೆ ತುಸುವೇ ಎತ್ತಿ
ಮೊಟ್ಟೆ ಹೊರಳಿಸುತ್ತಿತ್ತು.

ಹತ್ತು ನಿಮಿಷ ಯಾವಾಗಲೋ ಮುಗಿದಿತ್ತು.
ಬಾಗಿಲು ಬಡಿದ ಇಸ್ತ್ರಿಯವನಿಗೆ
ಯಾರೂ ಓಗೊಡಲಿಲ್ಲ.