ವೋರ್ಮ್ಸಿ ಹಡಗಿನ ವೇಳಾಪಟ್ಟಿ

ಪುಟವನ್ನು ಅವಳು ಕೈಯಲ್ಲೇ ಬರೆದಿದ್ದಳು.
ಕೈಯಲ್ಲಿ ಅಂದರೆ ಎರಡು ಬೆರಳಲ್ಲಿ,
ಬಿಳಿ ನೋಟ್‌ಪ್ಯಾಡಿನ ಮೇಲೆ, ಕನ್ನಡಕ ಮೂಗಿನ ತುದಿಗಿಳಿಸಿ.
ಮೈಮು ಲೆಪಾಸ್ಟೆ, ಹವಾಮಾನ ಕೇಂದ್ರದ ಹಳೆಯ ಗುಮಾಸ್ತೆ,
ಮೂವತ್ತು ವರ್ಷ ಗಾಳಿಯ ವೇಗ ಬರೆದು ನಿವೃತ್ತಳಾದವಳು.

ನಾನು ಕೌಪೊ. ದ್ವೀಪದ ಪಂಚಾಯ್ತಿ ಕಳಿಸಿದ ಹುಡುಗ,
ಚೀಲದಲ್ಲಿ ಹೊಸ ತಂತ್ರಾಂಶದ ಸಿಡಿ.
"ಬರೆಯುವುದೇ ಬೇಡ, ಎಳೆದು ತಂದು ಇಟ್ಟರಾಯಿತು.
ಏನು ಕಾಣುತ್ತದೋ ಅದೇ ಆಗುತ್ತದೆ."
"ಕಾಣದ್ದು?" ಅಂದಳು.
ನಾನು ನಕ್ಕೆ.
ಒಳ್ಳೆಯ ಪ್ರಶ್ನೆಗೆ ನಗುವ ವಯಸ್ಸು ಅದು.

ತೋರಿಸಿದಳು: ಪುಟಕ್ಕೊಂದು ತಲೆ, ಪುಟಕ್ಕೊಂದು ಮೈ.
ಮೈಯಲ್ಲಿ ಬರೆದದ್ದು ಊರಿಗೆಲ್ಲ ಕಾಣುತ್ತದೆ,
ತಲೆಯಲ್ಲಿ ಬರೆದದ್ದು ಯಾರಿಗೂ ಕಾಣದು,
ಹಣೆಬರಹದ ಹಾಗೆ; ನಡೆಯುವುದು ಮಾತ್ರ ಅದರಂತೆಯೇ.
ತೆರೆದದ್ದನ್ನು ಮುಚ್ಚಬೇಕು, ಒಳಗಿನದನ್ನು ಮೊದಲು.
ಒಂದು ಓರೆಗೆರೆ ಮರೆತರೆ
ಅಲ್ಲಿಂದ ಮುಂದಿನದೆಲ್ಲ ದಪ್ಪಕ್ಷರದಲ್ಲಿ ಕೂಗತೊಡಗುತ್ತದೆ.
ಒಮ್ಮೆ ಹಾಗಾಗಿತ್ತಂತೆ, ಇಡೀ ನವೆಂಬರ್.
ಯಾರೂ ದೂರಲಿಲ್ಲ. ದ್ವೀಪದಲ್ಲಿ ಎಲ್ಲರಿಗೂ ಕಣ್ಣು ಮಂದ,
ಅನುಕೂಲವೇ ಆಯಿತು.

ಸುಳ್ಳೇಕೆ ಹೇಳಲಿ, ನನ್ನ ಪುಟ ಚೆಲುವಾಗಿತ್ತು.
ನೀಲಿ ಅಂಚು. ಅಲೆಯ ಚಿತ್ರ. ಮೂಲೆಯಲ್ಲೊಂದು ಹಕ್ಕಿ,
ಮೌಸ್ ಹಿಡಿದು ಎಳೆದರೆ ಬೇಕಾದಲ್ಲಿಗೆ ಬರುವ ಸಾಧು ಹಕ್ಕಿ.
ಅವಳಿಗೆ ವಾರ ಹಿಡಿದ ಕೋಷ್ಟಕ
ನನಗೊಂದು ಮಧ್ಯಾಹ್ನದ್ದು.

ಹಳೆಯ ಪುಟ ತೆರೆದಾಗ ತಂತ್ರಾಂಶ ಕೇಳಿತು, ಬಹಳ ವಿನಯದಿಂದ:
ಅನಗತ್ಯ ಸಾಲುಗಳಿವೆ, ಏಳುನೂರ ಹನ್ನೆರಡು. ಗುಡಿಸಲೇ?
ಗುಡಿಸು ಅಂದೆ.
ಪರದೆಯ ಮೇಲೆ ಕೂದಲೂ ಕೊಂಕಲಿಲ್ಲ.
ಅದೇ ಹಡಗು, ಅದೇ ಆರೂವರೆ.

ಮರುದಿನ ಅವಳು ಪುಟದ ಬೆನ್ನು ತಿರುವಿ ನೋಡಿದಳು.
ಬಹಳ ಹೊತ್ತು ಮೇಲೆ, ಕೆಳಗೆ,
ಕತ್ತಲಲ್ಲಿ ಸ್ವಿಚ್ಚು ತಡವುವವರ ಹಾಗೆ.

ಎರಡು ಹೊತ್ತಿನ ಹಡಗುಗಳ ನಡುವೆ,
ಬ್ರೌಸರ್ ಓದದ ಆವರಣದೊಳಗೆ, ಬರೆದಿಡುತ್ತಿದ್ದಳಂತೆ:

ಇವತ್ತು ಹಡಗಿಲ್ಲ. ವಾಯವ್ಯ ಗಾಳಿ, ಸೆಕೆಂಡಿಗೆ ಇಪ್ಪತ್ತೆರಡು ಮೀಟರ್.
ಹೆಲ್ದೂರನ ಹಸು ಹಡಗು ಹತ್ತಲು ಒಪ್ಪಲಿಲ್ಲ, ಎಲ್ಲರಿಗೂ ನಲವತ್ತು ನಿಮಿಷ ತಡ.
ಹಿಮದಾರಿ ತೆರೆದಿದೆ. ಸೀಟ್ ಬೆಲ್ಟ್ ಕಟ್ಟಬಾರದು, ಇಳಿದು ಓಡಬೇಕಾಗಬಹುದು.
ಲೆಯೀದಾಳನ್ನು ಆಸ್ಪತ್ರೆಗೆ ಒಯ್ದದ್ದು ಸಂಜೆಯ ಹಡಗು.
ಮರಳಿ ತಂದದ್ದು ಗುರುವಾರ ಬೆಳಗಿನದು. ಟಿಕೆಟ್ ಕೇಳಲಿಲ್ಲ.

ಇವೆಲ್ಲ ಅನಗತ್ಯ.

ಮತ್ತೆ ತಲೆಯೊಳಗೆ, ಅವಳ ಹೆಸರಿದ್ದ ಜಾಗದಲ್ಲಿ,
ತಂತ್ರಾಂಶ ತನ್ನ ಹೆಸರು ಬರೆದುಕೊಂಡಿತ್ತು,
ಆವೃತ್ತಿ ಸಂಖ್ಯೆ ಸಮೇತ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ರೂಬಾರ್ಬ್ ಕೇಕು ಕೊಯ್ದು ಮುಂದಿಟ್ಟಳು. ಗಂಟಲಿಳಿಯಲಿಲ್ಲ.
"ಹಡಗಂತೂ ಆರೂವರೆಗೇ ಹೊರಡುತ್ತದೆ" ಅಂದಳು,
"ನಿನ್ನ ಪುಟದಲ್ಲೂ."

ಹಕ್ಕಿ ಎರಡು ಚಳಿಗಾಲ ಬಾಳಿತು ಆ ಮೂಲೆಯಲ್ಲಿ.
ಬಂದರಿನ ಕುಂಟು ಸಂಪರ್ಕದಲ್ಲಿ
ಮೊದಲು ಕೊಕ್ಕು, ಆಮೇಲೆ ಕುತ್ತಿಗೆ,
ಕಾಲು ಮೂಡುವಷ್ಟರಲ್ಲಿ ಹಡಗು ಹೊರಟಿರುತ್ತಿತ್ತು.
ಪಂಚಾಯ್ತಿಯವರೇ ಹೋಗಿ ಅವಳ ಬಾಗಿಲು ತಟ್ಟಿದರು.

ಈಗ ನಾನು ತಾಲಿನ್ನಿನಲ್ಲಿ, ಅದೇ ಎಳೆದು ಇಡುವ ಕೆಲಸ,
ಸಂಬಳ ಪರವಾಗಿಲ್ಲ.
ಎಲ್ಲ ಕೈಯಲ್ಲೇ ಬರೆಯಿರಿ ಎಂದು ಯಾರಿಗೂ ಹೇಳುವುದಿಲ್ಲ,
ನಾನೂ ಬರೆಯುವುದಿಲ್ಲ.
ಗುಡಿಸಲೇ ಎಂದು ಯಾವುದಾದರೂ ಕೇಳಿದಾಗ ಮಾತ್ರ
ಬೆರಳು ಒಂದು ಗಳಿಗೆ ಗಾಳಿಯಲ್ಲೇ ನಿಲ್ಲುತ್ತದೆ.

ನಿನ್ನೆ ರಾತ್ರಿ ಸುಮ್ಮನೆ ವೋರ್ಮ್ಸಿಯ ಪುಟ ತೆರೆದೆ.
ಬಿಳಿ ಹಿನ್ನೆಲೆ, ಕಪ್ಪಕ್ಷರ, ಹಡಗು ಆರೂವರೆ.
ಬಲಗುಂಡಿ ಒತ್ತಿ, ಮೂಲ ತೋರಿಸು ಅಂದೆ.
ಬಹಳ ಕೆಳಗೆ, ನನ್ನನ್ನು ನಾನೇ ಮರೆತಿದ್ದ ತಾರೀಖಿನಲ್ಲಿ:

ಕೌಪೊ ಬಂದಿದ್ದ. ಕೇಕು ತಿನ್ನಲಿಲ್ಲ.
ತಪ್ಪು ಒಪ್ಪಿಕೊಂಡ, ಅರ್ಧ.