ಕ್ರಿಯೆಯ ಬೆನ್ನಿಗೆ ಬರುವ ಮಾತು

ಶೆಟ್ಲೆಂಡಿನ ಸ್ಕಾಲೊವೇ ಬಂದರು. ಬೆಳಗಿನ ಐದೂ ಇಪ್ಪತ್ತು.
ಆಸ್ಲಾ ಹ್ಯಾಲ್‌ಕ್ರೋ ಆಲೂಗಡ್ಡೆ ಹೆರೆಯುತ್ತಿದ್ದಾಳೆ
ಮೀನಿನ ಕಾರ್ಖಾನೆಯ ಕ್ಯಾಂಟೀನಿಗೆ, ನಲವತ್ತು ಹೊಟ್ಟೆಗೆ.
ಕಿಟಕಿಯಲ್ಲಿ ಟೇಪು ಸುತ್ತಿದ ರೇಡಿಯೋ.
ಹವೆಯ ಒತ್ತಡ ಓದುವ ಹೆಂಗಸು ಮೊದಲು ಅಂಕೆ ಹೇಳುತ್ತಾಳೆ:
ಒಂಬೈನೂರ ತೊಂಬತ್ತೆಂಟು.
ಆಮೇಲೆ: ಫಾಲಿಂಗ್.
ಆಮೇಲೆ ಒಂದು ಉಸಿರು.

ಆ ಉಸಿರಿನಷ್ಟು ಜಾಗದಲ್ಲಿ
ಊರಿನ ಅರ್ಧ ಹೆಂಗಸರು ನಿಂತಿರುತ್ತಾರೆ,
ಕೆಟಲ್ ಎತ್ತಿದವರು, ಒಂದೇ ಕಾಲಿಗೆ ಬೂಟು ಹಾಕಿದವರು.
ಒತ್ತಡ ಬೀಳುತ್ತಿದೆ, ಅದು ಗೊತ್ತಾಯಿತು.
ಬೀಳುವ ರೀತಿ ಇನ್ನೂ ಅವಳ ಬಾಯಿಂದ ಬಿದ್ದಿಲ್ಲ.

ಸ್ಲೋಲಿ ಅಂದರೆ ಚಾಕು ಮತ್ತೆ ಓಡುತ್ತದೆ.
ಕ್ವಿಕ್ಲಿ ಅಂದರೆ ತಮ್ಮ ಗಿಡಿಯನ್‌ಗೆ ಫೋನು.
ವೆರಿ ರ‍್ಯಾಪಿಡ್ಲಿ ಅಂದ ದಿನ
ಆಲೂಗಡ್ಡೆ ಬಕೆಟ್ಟಿನಲ್ಲೇ ಕಪ್ಪಾಯಿತು,
ಮಧ್ಯಾಹ್ನ ಯಾರಿಗೂ ಊಟವಿಲ್ಲ,
ಯಾರೂ ಕೇಳಲೂ ಇಲ್ಲ.

ಶಾಲೆಯಲ್ಲಿ ತಲ್ಲಕ್ ಮೇಷ್ಟ್ರು ಹೇಳುತ್ತಿದ್ದರು:
ಇಂಗ್ ಎಂದರೆ ಮುಗಿಯದ ಕೆಲಸ.
ಹೇಗೆ ಎಂದು ಕೇಳು. ಉತ್ತರ ಹಿಂದಿನಿಂದ ಬರುತ್ತದೆ,
ಹಗ್ಗಕ್ಕೆ ಕಟ್ಟಿದ ಪುಟ್ಟ ದೋಣಿ ಬಂದಂತೆ.
ಮುಂದಿಟ್ಟರೆ? ಸ್ಲೋಲಿ ಫಾಲಿಂಗ್ ಎನ್ನಬಾರದೆ?
ಎನ್ನಬಹುದು, ಹಿಮಕ್ಕೆ, ಪದ್ಯಕ್ಕೆ;
ಕೆಲಸವಿದ್ದವರು ಅನ್ನುವುದಿಲ್ಲ.

ಮನೆಯಲ್ಲಿ ಅವ್ವನ ವ್ಯಾಕರಣ ಬೇರೆ.
ಗೋಯಿಂಗ್ ಸ್ಲೋ, ಕಮಿಂಗ್ ಕ್ವಿಕ್.
ದಿನವಿಡೀ ಹೆರಿಂಗ್ ಮೀನಿನ ಕರುಳು ತೆಗೆದ ಕೈ ಅದು,
ಮಾತಿನಲ್ಲೂ ಬೇಡದ್ದನ್ನು ಉಳಿಸುತ್ತಿರಲಿಲ್ಲ.
ಲಿ ಎಂಬ ಬಾಲ ಎಷ್ಟು ಬಿದ್ದಿತ್ತೋ ಆ ಕಟ್ಟೆಯ ಕೆಳಗೆ,
ಕಡಲಹಕ್ಕಿಗಳಿಗೇ ಗೊತ್ತು.

ಇದನ್ನು ಕನ್ನಡದಲ್ಲಿ ಬರೆಯಹೊರಟು ನಾನು ಸಿಕ್ಕಿಬಿದ್ದೆ.
ನಮ್ಮಲ್ಲಿ ರೀತಿಯೇ ಮುಂದೆ ನಡೆಯುತ್ತದೆ.
ಮೆಲ್ಲಗೆ, ಎನ್ನುತ್ತೇವೆ.
ಏರುತ್ತಿದೆಯೋ ಇಳಿಯುತ್ತಿದೆಯೋ,
ವಾಕ್ಯದ ತುದಿ ಮುಟ್ಟುವ ತನಕ ದೇವರಿಗೇ ಗೊತ್ತಿಲ್ಲ.
ಹೀಗೆ ಓದಿದ್ದರೆ ಆಸ್ಲಾ
ರೇಡಿಯೋ ಎತ್ತಿ ಸಮುದ್ರಕ್ಕೆ ಒಗೆಯುತ್ತಿದ್ದಳು.
ಅವಳಿಗೆ ಕೆಡುಕು ಮೊದಲು ಬೇಕು,
ಅದರ ನಡಿಗೆ ಆಮೇಲೆ.

ನವೆಂಬರಿನ ಒಂದು ಮುಂಜಾನೆ, ಫಾಲಿಂಗ್,
ಆಮೇಲೆ ಗೊರಗೊರ, ಆಮೇಲೆ ಏನೂ ಇಲ್ಲ.
ಬ್ಯಾಟರಿ ಕಿತ್ತು ಹಲ್ಲಲ್ಲಿ ಕಚ್ಚಿದಳು, ತಿರುಗಿಸಿ ಹಾಕಿದಳು.
ಪಕ್ಕದ ಮನೆಯ ಬಾಬಿಗೆ ಕೂಗಿದಳು,
ಬಾಬಿ ನಲ್ಲಿ ಬಿಟ್ಟಿದ್ದಳಂತೆ, ಕೇಳಿಸಲಿಲ್ಲವಂತೆ.
ಅಷ್ಟರಲ್ಲಿ ಗಿಡಿಯನ್‌ನದೇ ಫೋನು.
ದೋಣಿಯಲ್ಲಿ ಎಲ್ಲ ತೋರಿಸುವ ಪರದೆಯಿದೆ ಅವನಿಗೆ,
ಆದರೂ ಅಕ್ಕನ ಬಾಯಿಂದಲೇ ಬರಬೇಕು.

ಫಾಲಿಂಗ್, ಅಂದಳು.
ಹೇಗೆ?
ಹೊರಗೆ ಬಾವುಟ ಕಂಬಕ್ಕೆ ಅಂಟಿಕೊಂಡಿತ್ತು.
ಕುರಿಗಳು ಗೋಡೆಯ ಆ ಕಡೆಗಿದ್ದವೋ ಈ ಕಡೆಗೋ,
ಕತ್ತಲಲ್ಲಿ ಕಾಣಲಿಲ್ಲ.
ಹೇಗೆ, ಅಕ್ಕಾ?
ಒಂದು ಉಸಿರಿನ ಜಾಗ, ಈಗ ಅದು ಅವಳದು.
ಅಲ್ಲಿ ಯಾರೂ ಇಷ್ಟು ಹೊತ್ತು ನಿಂತದ್ದಿಲ್ಲ.

ಕ್ವಿಕ್ಲಿ, ಅಂದಳು.

ಗಿಡಿಯನ್ ಹಗ್ಗ ಬಿಚ್ಚಲಿಲ್ಲ.
ಉಳಿದ ಆರು ದೋಣಿ ಹೋದವು,
ತಟ್ಟೆಯಂಥ ನೀರಿನ ಮೇಲೆ ಹೋಗಿ
ಹ್ಯಾಡಕ್ ಮೀನಿನ ಪೆಟ್ಟಿಗೆಗಳು ಒಂದರ ಮೇಲೊಂದು
ತುಂಬಿಕೊಂಡು ಬಂದವು.

ಸಂಜೆ ಕ್ಯಾಂಟೀನಿನ ಬಾಗಿಲಿಗೆ ಒರಗಿ ಅವನು,
ಮೀನಿನ ವಾಸನೆಯೇ ಇಲ್ಲದ ಕೋಟು ತೊಟ್ಟು,
ಕೇಳಿದ: ನಿನ್ನ ಕ್ವಿಕ್ಲಿ ಎಲ್ಲಿ, ಇನ್ನೂ ಬರಲಿಲ್ಲ?

ಆಸ್ಲಾ ತಲೆ ಎತ್ತಲಿಲ್ಲ.
ಒಂದು ಆಲೂಗಡ್ಡೆಯ ಕಣ್ಣು ತೆಗೆದಳು, ಇನ್ನೊಂದರದ್ದು ತೆಗೆದಳು.
ಕಮಿಂಗ್, ಅಂದಳು.
ಮತ್ತೆ, ಸತ್ತ ಅವ್ವನ ದನಿಯಲ್ಲಿ, ಬಾಲ ಕತ್ತರಿಸಿ:
ಸ್ಲೋ.