ಹಳೆ ಬಾಗಿಲಿಗೆ ಇನ್ನೂ ಒಬ್ಬರು

ಅಟ್ಲಾಂಟಿಕ್ಕಿನ ನಡುವೆ, ಓರ್ತಾ ಬಂದರಿನ ಮೇಲ್ಮಹಡಿ.
ರಾತ್ರಿ ಎರಡೂಕಾಲು.
ಗ್ರಾಸಿಯೆತ್ ಕಾಫಿಗೆ ಸಕ್ಕರೆ ಹಾಕಿದ್ದು ಮರೆತು
ಮತ್ತೊಮ್ಮೆ ಹಾಕುತ್ತಾಳೆ.

ಹಳೆಯ ಲೋಡ್ ಬ್ಯಾಲೆನ್ಸರ್, ಪಾಪ, ಕೆಟ್ಟವನಲ್ಲ.
ಒಂಬತ್ತು ವರ್ಷ ಬಾಗಿಲಲ್ಲಿ ನಿಂತು ತಲೆ ಎಣಿಸಿದ:
ನೀನು ಈ ಸರ್ವರಿಗೆ, ನೀನು ಆ ಸರ್ವರಿಗೆ.
ಏಕೆ ಬಂದೆ ಎಂದು ಕೇಳಿದವನೇ ಅಲ್ಲ.
ಪೀಕೊ ದ್ವೀಪಕ್ಕೆ ಟಿಕೆಟು ಬೇಕೆಂದವಳೂ
ಮೂರು ಹಸು ದಾಟಿಸಬೇಕೆಂದವನೂ
ಅವನಿಗೆ ಒಂದೇ.
ಈಗ ಬೇಕಾದವನು ಬೇರೆ. ವಿಳಾಸದ ಬಾಲ ಓದಿ
ಟಿಕೆಟು ಇತ್ತ, ದನಕರು ಅತ್ತ ಎನ್ನಬಲ್ಲವನು.

'ಸೆಟ್ಟಿಂಗಿನಲ್ಲಿ ಒಂದು ಪದ ತಿದ್ದಿದರಾಯಿತಲ್ಲ'
ಎಂದಿದ್ದರು ಮೇಲಿನವರು, ಮೀಟಿಂಗಿನಲ್ಲಿ.
ಆಗುವುದಿಲ್ಲ.
ಕ್ಲೌಡಿನಲ್ಲಿ ಇದು ಹುಟ್ಟುವಾಗ
ಯಾವ ನಮೂನೆಯ ಬಾಗಿಲೆಂದು ಬರೆದಿತ್ತೋ ಅದೇ ಕೊನೆತನಕ.
ಹುಟ್ಟುಗುಣ ಸುಟ್ಟರೂ ಹೋಗದು.
ಪಕ್ಕದಲ್ಲಿ ಇನ್ನೊಂದನ್ನೇ ಎಬ್ಬಿಸಬೇಕು,
ಅದೇ ಕೋಡು, ಅದೇ ಗುಟ್ಟಿನ ಕೀಲಿಗಳು, ಬಾಗಿಲೊಂದು ಹೊಸದು.
ಆಮೇಲೆ ಯಾರಿಗೂ ತಿಳಿಯದ ಹಾಗೆ
ಎರಡರ ಹೆಸರು ಅದಲುಬದಲು.

ಹೊಸಬ ಹದಿನೈದು ಸೆಕೆಂಡಿಗೊಮ್ಮೆ ಕೇಳುತ್ತಾನೆ: ಚೆನ್ನಾಗಿದ್ದೀಯಾ?
ಸರ್ವರು ಮಾತಾಡುವುದಿಲ್ಲ.
ಚೆನ್ನಾಗಿದ್ದೀಯಾ?
ಕೆಂಪು. ಮತ್ತೆ ಕೆಂಪು.
ಮೂರೂವರೆಗೆ ಗೊತ್ತಾಯಿತು, ಅವನು ಕೇಳುತ್ತಿದ್ದದ್ದು
ತಪ್ಪು ಕಿಟಕಿಯ ಮುಂದೆ ನಿಂತು.
ಒಂದು ಓರೆಗೆರೆ ಬಿಟ್ಟುಹೋಗಿತ್ತು, ಅಷ್ಟೇ.
ಅಷ್ಟಕ್ಕೆ ಒಂದೂಕಾಲು ಗಂಟೆಯ ಆಯುಷ್ಯ.

ಹಸಿರು.
ಹೆಸರು ಬದಲಾಯಿತು. ಕಿಟಕಿಯಾಚೆ ಪೀಕೊ ಬೆಟ್ಟ
ಇದ್ದಲ್ಲೇ ಇತ್ತು.
ಹಳೆ ಬಾಗಿಲಿನ ಜನ ಕರಗುತ್ತ ಬಂದರು,
ನಾನೂರು, ಅರವತ್ತು, ಏಳು,
ಒಂದು.

ನಿಮಿಷಕ್ಕೊಮ್ಮೆ ಬಂದು
'ಮುಂದಿನ ದೋಣಿ ಎಷ್ಟಕ್ಕೆ' ಎಂದು ಕೇಳಿ ಹೋಗುವ ಒಂದು.
ಶನಿವಾರವೂ ಬಂತು. ಭಾನುವಾರವೂ.
'ಕೊಂದುಬಿಡು ಹಳೆಯದನ್ನು, ಬಿಲ್ಲು ಏರುತ್ತಿದೆ' ಎಂದ
ಲೆಕ್ಕದ ಎವಾರಿಷ್ಟು.
ಹಲಗೆ ಎಳೆಯುವ ಹೊತ್ತಿಗೆ ಯಾರೋ ಓಡಿಬರುವುದು ಕಂಡರೆ
ದೋಣಿ ನಿಲ್ಲುತ್ತದೋ ಇಲ್ಲವೋ, ಎಂದಳು ಇವಳು.

ಸೋಮವಾರ ಪತ್ತೆಯಾಯಿತು:
ಆಚೆ ದಡದ ಮದಲೇನಾದಲ್ಲಿ, ಕಾಯುವ ಕೋಣೆಯೊಳಗೆ
ಬಿಸ್ಕತ್ತಿನ ಮಷೀನಿನ ಹಿಂದೆ ಮರೆಯಾದ
ಗೋಡೆಯ ಪರದೆ.
ಹಳೆ ವಿಳಾಸ ಬಾಯಿಪಾಠ ಮಾಡಿಕೊಂಡು ಕೂತದ್ದು.

ಏಳೂವರೆಯ ದೋಣಿಗೆ ಟಿಕೆಟು ತೆಗೆದಳು, ಹೊಸ ಬಾಗಿಲಿಂದಲೇ.
ಅರ್ಧ ಗಂಟೆಯ ಅಲೆ, ಹೊಟ್ಟೆ ತೊಳಸಿತು.
ಮಷೀನು ಸರಿಸಿ, ಪ್ಲಗ್ಗು ಕಿತ್ತು,
ಹತ್ತು ಎಣಿಸಿ ಮತ್ತೆ ಚುಚ್ಚಿದಳು.

ಪರದೆಗೆ ಜೀವ ಬಂತು: ಮುಂದಿನ ದೋಣಿ ಎಂಟೂಕಾಲಿಗೆ.
ಬೆಂಚಿನ ಮೇಲೆ ಕೋಳಿಬುಟ್ಟಿ ಹಿಡಿದು ಕೂತಿದ್ದ ಅಜ್ಜಿ
ತಲೆಯೆತ್ತಿ ನೋಡಿ ಹೇಳಿದಳು:
'ಓ, ಇಲ್ಲೊಂದು ಇತ್ತಾ!'